ದಾರಿಯ ಬುತ್ತಿ: ಮಕ್ಕಳೊಡನೆ ಕಾರಿನಲ್ಲಿ ಹೊರಟವರು ಏನನ್ನು ಕಟ್ಟಿಕೊಳ್ಳಬೇಕು?

ಬೇಸಿಗೆ ರಜೆ ಹತ್ತಿರವಾದಂತೆ ಪರಿಚಿತರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ಚಪಾತಿ ಕಟ್ಟಿದರೆ ಸಂಜೆಯ ಹೊತ್ತಿಗೆ ಬಿರುಸಾಗುತ್ತದೆ, ಅನ್ನ ಕಟ್ಟಿದರೆ ಹಳಸುತ್ತದೆ, ಚಟ್ನಿ ಇಲ್ಲದೆ ಇಡ್ಲಿಯನ್ನು ಮಕ್ಕಳು ಮುಟ್ಟುವುದಿಲ್ಲ. ಹಾಗಾದರೆ ಏನು ಕಟ್ಟಿಕೊಳ್ಳಬೇಕು? ನನ್ನ ತವರು ಪುತ್ತೂರಿನ ಕಡೆ, ಗಂಡನ ಮನೆ ಧಾರವಾಡದ ಕಡೆ, ನಾವಿರುವುದು ಬೆಂಗಳೂರಿನಲ್ಲಿ. ವರ್ಷಕ್ಕೆ ಕನಿಷ್ಠ ನಾಲ್ಕು ಬಾರಿ ಈ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವುದು ತಪ್ಪುವುದಿಲ್ಲವಾದ್ದರಿಂದ, ಮೇಲೆ ಹೇಳಿದ ಎಲ್ಲವನ್ನೂ ಕಟ್ಟಿ ನೋಡಿದ್ದೇನೆ, ಕೆಲವನ್ನು ದಾರಿಯಲ್ಲಿ ಚೆಲ್ಲಿಯೂ ಬಂದಿದ್ದೇನೆ. ಆ ಅನುಭವದಿಂದ ನನಗೆ ತಿಳಿದದ್ದು ಇಷ್ಟು: ಯಾವ ತಿಂಡಿ ಒಳ್ಳೆಯದು ಎಂದು ಕೇಳುವುದಕ್ಕಿಂತ, ಅದನ್ನು ಎಷ್ಟು ಗಂಟೆಗೆ ಬಿಚ್ಚುತ್ತೇವೆ ಎಂದು ಮೊದಲು ಕೇಳಿಕೊಳ್ಳಬೇಕು. ಬೆಳಗಿನ ಎಂಟಕ್ಕೆ ಅಮೃತದಂತಿದ್ದ ಪದಾರ್ಥ ಮಧ್ಯಾಹ್ನದ ಒಂದಕ್ಕೆ ಹೊಟ್ಟೆ ಕೆಡಿಸುವ ವಸ್ತುವಾಗಿರಬಹುದು.

ಅಳತೆಗೋಲುಗಳು

ಮೊದಲನೆಯದು ಕೆಡುವಿಕೆ. ಬೇಯಿಸಿದ ಆಹಾರದಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುವುದು ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಆದ್ದರಿಂದಲೇ ಬೇಯಿಸಿದ ಆಹಾರವನ್ನು ಹೊರಗೆ 2 ಗಂಟೆಗಿಂತ ಹೆಚ್ಚು, ಬಿಸಿಲು 32 ಡಿಗ್ರಿಯನ್ನು ದಾಟಿದ ದಿನಗಳಲ್ಲಿ 1 ಗಂಟೆಗಿಂತ ಹೆಚ್ಚು ಇಡಬಾರದೆಂಬುದು ಆಹಾರ ಸುರಕ್ಷತೆಯ ಸಾಮಾನ್ಯ ಸಲಹೆ. ಇದನ್ನು ಅಕ್ಷರಶಃ ಪಾಲಿಸಿದರೆ ನಮ್ಮ ಹಿರಿಯರ ಯಾವ ಬುತ್ತಿಯೂ ಉಳಿಯುವುದಿಲ್ಲ. ಆದರೆ ಹಿರಿಯರು ಬುತ್ತಿಗೆ ಸಿಕ್ಕಿದ್ದನ್ನೆಲ್ಲ ಕಟ್ಟುತ್ತಿರಲಿಲ್ಲ. ಹುಳಿ ಇರುವುದನ್ನು, ನೀರಿನಂಶ ಕಡಿಮೆ ಇರುವುದನ್ನು, ಎಣ್ಣೆಯಲ್ಲಿ ಬಾಡಿಸಿದ್ದನ್ನು, ಒಣಗಿಸಿದ್ದನ್ನು ಆಯ್ದು ಕಟ್ಟುತ್ತಿದ್ದರು. ಹುಳಿಯೂ ಒಣಗುವಿಕೆಯೂ ರೋಗಾಣುಗಳ ಬೆಳವಣಿಗೆಯನ್ನು ತಡೆಯುತ್ತವೆ ಎಂಬ ವಿಜ್ಞಾನವನ್ನು ಅವರು ಅನುಭವದಿಂದಲೇ ಕಂಡುಕೊಂಡಿದ್ದರು. ದೊಡ್ಡವರಿಗೂ ಐದು ದಾಟಿದ ಮಕ್ಕಳಿಗೂ ನಾನು ಈ ಹಳೆಯ ಲೆಕ್ಕವನ್ನು ನೆಚ್ಚುತ್ತೇನೆ. ಎಳೆಯ ಮಕ್ಕಳ ವಿಷಯದಲ್ಲಿ ಮಾತ್ರ 2 ಗಂಟೆಯ ಸಲಹೆಯನ್ನೇ ಹಿಡಿಯುತ್ತೇನೆ.

ಎರಡನೆಯದು ದಾರಿಯ ಸ್ವಭಾವ. ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತಿರುವುಗಳ ಕಾಟವಿಲ್ಲ. ಅಲ್ಲಿನ ವೈರಿ ಬಿಸಿಲು. ಮಂಗಳೂರಿನ ಕಡೆಗೆ ಹೋಗುವ ಹೆದ್ದಾರಿ 75ರಲ್ಲಿ ಸಕಲೇಶಪುರ ದಾಟಿದೊಡನೆ ಶಿರಾಡಿ ಘಾಟಿ. ಪ್ರಯಾಣದ ವಾಂತಿ ಹೆಚ್ಚಾಗಿ ಕಾಡುವುದು 2ರಿಂದ 12 ವರ್ಷದ ಮಕ್ಕಳನ್ನು. ಘಾಟಿ ಇಳಿಯುವ ಮೊದಲು ಅವರ ಹೊಟ್ಟೆಯಲ್ಲಿ ಏನಿದೆ ಎಂಬುದು ಇಡೀ ಕಾರಿನ ನೆಮ್ಮದಿಯನ್ನು ನಿರ್ಧರಿಸುತ್ತದೆ.

ಮೂರನೆಯದು, ಮಗು ತನ್ನ ಕೈಯಿಂದಲೇ ಚೆಲ್ಲದೆ ತಿನ್ನಬಲ್ಲದೆ ಎಂಬುದು. ನಾಲ್ಕನೆಯದು, ಯಾರೂ ಬಾಯಿಬಿಟ್ಟು ಹೇಳದ ಆದರೆ ನನ್ನ ಮಟ್ಟಿಗೆ ಅತಿ ಮುಖ್ಯವಾದ ಅಳತೆ: ಬುತ್ತಿ ಕಟ್ಟುವವರು ನಸುಕಿನಲ್ಲಿ ಎಷ್ಟು ಹೊತ್ತಿಗೆ ಏಳಬೇಕು? ಐದಕ್ಕೆ ಕಾರು ಹೊರಡಬೇಕೆಂದರೆ ಮೂರಕ್ಕೆ ಎದ್ದು ಇಪ್ಪತ್ತು ಚಪಾತಿ ಲಟ್ಟಿಸುವ ಅಮ್ಮ ಮುಂದಿನ ಎಂಟು ಗಂಟೆ ಮಕ್ಕಳ ಮೇಲೆ ರೇಗದೆ ಇರುವುದು ಕಷ್ಟ. ಖರ್ಚು ಕೊನೆಗೆ ಬರುತ್ತದೆ, ಏಕೆಂದರೆ ಮನೆಯ ಯಾವ ಬುತ್ತಿಯಾದರೂ ನಾಲ್ಕು ಜನರ ಹೋಟೆಲು ಬಿಲ್ಲಿಗಿಂತ ಅಗ್ಗವೇ. ವ್ಯತ್ಯಾಸ ಹುಟ್ಟುವುದು ಪಾತ್ರೆಗಳ ವಿಷಯದಲ್ಲಿ.

ಇಡ್ಲಿ: ಬೆಳಗಿನ ಉತ್ತರ

ಐದಕ್ಕೆ ಹೊರಟು ಎಂಟರ ಸುಮಾರಿಗೆ ಹಾಸನದ ಆಸುಪಾಸಿನಲ್ಲೋ ಹಿರಿಯೂರಿನ ಹತ್ತಿರವೋ ತಿನ್ನುವ ಮೊದಲ ತಿಂಡಿಗೆ ಇಡ್ಲಿಯನ್ನು ಮೀರಿಸುವುದು ನನಗೆ ಕಂಡಿಲ್ಲ. ಹಿಟ್ಟು ಹಿಂದಿನ ದಿನವೇ ರುಬ್ಬಿರುತ್ತದೆ. ಬೆಳಿಗ್ಗೆ ಬೇಯಿಸುವ ಕೆಲಸ ಇಪ್ಪತ್ತು ನಿಮಿಷದ್ದು, ಅಷ್ಟು ಹೊತ್ತಿನಲ್ಲಿ ನೀವು ಸ್ನಾನ ಮುಗಿಸಬಹುದು. ಆವಿಯಲ್ಲಿ ಬೆಂದ, ಎಣ್ಣೆ ಕಡಿಮೆ ಇರುವ ತಿಂಡಿಯಾದ್ದರಿಂದ ಘಾಟಿಗೆ ಮುಂಚೆ ತಿಂದರೂ ಹೊಟ್ಟೆ ತೊಳಸುವುದು ಕಡಿಮೆ. ಆದರೆ ಹಸಿ ತೆಂಗಿನಕಾಯಿಯ ಚಟ್ನಿಯನ್ನು ಮಾತ್ರ ಜೊತೆಗೆ ಒಯ್ಯಬೇಡಿ. ಇಡ್ಲಿ ಉಳಿದರೂ ಚಟ್ನಿ ಉಳಿಯುವುದಿಲ್ಲ, ಮೇಲಾಗಿ ಅದು ಸೀಟಿಗೆ ಚೆಲ್ಲದೆ ಬಿಡುವುದೂ ಇಲ್ಲ. ಚಟ್ನಿಪುಡಿಗೆ ಎಳ್ಳೆಣ್ಣೆಯನ್ನೋ ತುಪ್ಪವನ್ನೋ ಕಲಸಿ, ಬಿಸಿ ಆರಿದ ಇಡ್ಲಿಯ ಎರಡೂ ಮೈಗೆ ಸವರಿ ಡಬ್ಬಿಗೆ ಜೋಡಿಸಿದರೆ ಪ್ರತಿ ಇಡ್ಲಿಯೂ ತನ್ನ ಮೇಲೋಗರವನ್ನು ತಾನೇ ಹೊತ್ತುಕೊಂಡಿರುತ್ತದೆ. ಖಾರ ತಿನ್ನದ ಮಕ್ಕಳಿಗೆ ತುಪ್ಪ ಸವರಿ ಬೆಲ್ಲದ ಪುಡಿ ಉದುರಿಸಿ ಕೊಡಬಹುದು.

ಇಡ್ಲಿಯ ಮಿತಿಯೂ ಸ್ಪಷ್ಟವಾಗಿದೆ. ಹನ್ನೊಂದು ದಾಟಿದರೆ ಅದು ಒಣಗಿ ಗಂಟಲಲ್ಲಿ ಸಿಕ್ಕುತ್ತದೆ, ಬೇಸಿಗೆಯಲ್ಲಿ ಜಿಗುಟಾಗುತ್ತದೆ. ಮಧ್ಯಾಹ್ನದ ಊಟಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ.

ಚಪಾತಿಯೋ, ಖಡಕ್ ರೊಟ್ಟಿಯೋ?

ಹೆಚ್ಚಿನವರು ಮೊದಲು ನೆನೆಯುವುದು ಚಪಾತಿಯನ್ನು. ಅದಕ್ಕೆ ಕಾರಣವೂ ಇದೆ: ಸುರುಳಿ ಸುತ್ತಿ ಕೈಗೆ ಕೊಟ್ಟರೆ ನಾಲ್ಕು ವರ್ಷದ ಮಗುವೂ ಕಿಟಕಿಯಾಚೆ ನೋಡುತ್ತ ತಿಂದು ಮುಗಿಸುತ್ತದೆ. ಹಿಟ್ಟಿಗೆ ಸ್ವಲ್ಪ ಎಣ್ಣೆ, ಒಂದಿಷ್ಟು ಮೊಸರು ಸೇರಿಸಿ ನಾದಿ, ಬೆಂದ ಮೇಲೆ ಒಗೆದ ಹತ್ತಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಆರಿಸಿ, ಅದೇ ಬಟ್ಟೆಯಲ್ಲಿ ಸುತ್ತಿಟ್ಟರೆ ಮಧ್ಯಾಹ್ನದವರೆಗೆ ಮೆತ್ತಗಿರುತ್ತದೆ. ಬಿಸಿಯಿದ್ದಾಗಲೇ ಡಬ್ಬಿಗೆ ತುಂಬಿದರೆ ಬೆವರು ಬಿಟ್ಟು ಅಡಿಯ ಎರಡು ಚಪಾತಿ ಮುದ್ದೆಯಾಗುತ್ತವೆ. ಮೆಂತ್ಯದ ಸೊಪ್ಪನ್ನು ಹಿಟ್ಟಿಗೇ ಸೇರಿಸಿದರೆ ಪಲ್ಯದ ತಂಟೆಯೇ ಇಲ್ಲ. ಏಕೆಂದರೆ ಚಪಾತಿ ಬುತ್ತಿಯ ನಿಜವಾದ ದೌರ್ಬಲ್ಯ ಅದರ ಪಲ್ಯ: ಬೇಯಿಸಿದ ಆಲೂಗಡ್ಡೆ, ಈರುಳ್ಳಿ, ಹಸಿ ಕಾಯಿತುರಿ ಮೂರೂ ಸೇರಿದ ಪಲ್ಯ ಬಿಸಿಲಿನಲ್ಲಿ ಮೊದಲು ಕೆಡುತ್ತದೆ. ಮೇ ತಿಂಗಳಿನ ಒಂದು ಮಧ್ಯಾಹ್ನ ದಾವಣಗೆರೆ ದಾಟಿ ಬೇವಿನ ಮರದ ನೆರಳಲ್ಲಿ ಡಬ್ಬಿ ಬಿಚ್ಚಿದಾಗ, ನಾನು ಅಕ್ಕರೆಯಿಂದ ಮಾಡಿದ್ದ ಪಲ್ಯ ನೊರೆ ಬಿಟ್ಟು ಕೂತಿತ್ತು. ಅಂದು ಮಕ್ಕಳು ಬರೀ ಚಪಾತಿಗೆ ಸಕ್ಕರೆ ಉದುರಿಸಿಕೊಂಡು ತಿಂದರು. ಅವರಿಗೆ ಅದೇ ಹೆಚ್ಚು ಇಷ್ಟವಾಯಿತು ಎಂಬುದು ಬೇರೆ ಮಾತು.

ಜೋಳದ ಖಡಕ್ ರೊಟ್ಟಿಗೆ ಈ ಭಯವೇ ಇಲ್ಲ. ಅದರಲ್ಲಿ ನೀರಿನಂಶ ಉಳಿದಿರುವುದಿಲ್ಲವಾದ್ದರಿಂದ ವಾರಗಟ್ಟಲೆ ಕೆಡದು. ಅಂಗಡಿಯಿಂದಲೇ ತಂದರೂ ಆದೀತು, ನಸುಕಿನಲ್ಲಿ ಒಲೆ ಹೊತ್ತಿಸುವ ಕೆಲಸವೇ ಇಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಗಟ್ಟಿ ಮೊಸರು ಜೊತೆಗಿದ್ದರೆ ದೊಡ್ಡವರ ಊಟ ಮುಗಿಯಿತು. ನಮ್ಮ ಅತ್ತೆಯವರ ಪ್ರಕಾರ ದಾರಿಗೆ ಬೇರೆ ಏನನ್ನಾದರೂ ಕಟ್ಟುವುದೇ ಹುಚ್ಚುತನ. ಆದರೆ ಚಿಕ್ಕ ಮಕ್ಕಳ ಕೈಗೆ ಅದನ್ನು ಕೊಟ್ಟು ನೋಡಿ: ಅರ್ಧ ರೊಟ್ಟಿ ಹೊಟ್ಟೆಗೆ, ಉಳಿದರ್ಧ ಸೀಟಿನ ಸಂದಿಗೆ. ಓಡುವ ಕಾರಿನಲ್ಲಿ ಒಣ ಚೂರು ಗಂಟಲಿಗೆ ಸಿಕ್ಕುವ ಅಪಾಯವೂ ಇದೆ. ಕಾರು ನಿಲ್ಲಿಸಿ, ರೊಟ್ಟಿಯನ್ನು ಮುರಿದು ಮೊಸರಿನಲ್ಲಿ ನೆನೆಸಿ ಕೊಡುವಷ್ಟು ವ್ಯವಧಾನವಿದ್ದರೆ ಮಾತ್ರ ಮಕ್ಕಳಿಗೂ ಅದು ಊಟವಾಗುತ್ತದೆ. ಎಂಟು ದಾಟಿದ ಮಕ್ಕಳಿರುವ ಮನೆಗೆ ನಾನು ರೊಟ್ಟಿಯನ್ನೇ ಹೇಳುವೆ; ಅದಕ್ಕಿಂತ ಚಿಕ್ಕವರಿದ್ದರೆ ಮೆಂತ್ಯದ ಚಪಾತಿ.

ಅನ್ನದ ಬುತ್ತಿಗಳು

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ತಪ್ಪುಗಳು ಹೆಚ್ಚಾಗಿ ಆಗುವುದು ಅನ್ನದಲ್ಲೇ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಬೇಯಿಸಿದರೂ ಅವು ಸಾಯುವುದಿಲ್ಲ. ಬೆಂದ ಅನ್ನ ಗಂಟೆಗಟ್ಟಲೆ ಬೆಚ್ಚಗೆ ಉಳಿದರೆ ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ. ವಾಂತಿ ತರಿಸುವ ಆ ವಿಷ ಅನ್ನವನ್ನು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಮಗು ವಾಂತಿ ಮಾಡಿಕೊಂಡರೆ ನಾವು ಘಾಟಿಯ ತಿರುವನ್ನು ದೂರುತ್ತೇವೆ, ತಪ್ಪು ಅನ್ನದ್ದಿರಲೂಬಹುದು.

ಆದ್ದರಿಂದ ಬಿಸಿ ಅನ್ನವನ್ನು ಹಾಟ್ ಬಾಕ್ಸಿನಲ್ಲಿ ತುಂಬಿ ಮಧ್ಯಾಹ್ನದವರೆಗೆ ಇಡುವುದು ಒಳ್ಳೆಯದೆಂಬ ನಂಬಿಕೆಯನ್ನು ಬಿಡಬೇಕು. ಸಾಧಾರಣ ಹಾಟ್ ಬಾಕ್ಸು ಕೆಲವೇ ಗಂಟೆಗಳಲ್ಲಿ 60 ಡಿಗ್ರಿಗಿಂತ ಕೆಳಗಿಳಿದು ಆ ಮೇಲೆ ಉಗುರುಬೆಚ್ಚಗೆ ಉಳಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ ಹದ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಒಂದು ಚಮಚ ಎಣ್ಣೆ ಹಾಕಿ, ಬೀಸಣಿಗೆಯ ಕೆಳಗೆ ಬೇಗ ಆರಿಸಿ, ಹುಳಿ ಕಲಸಿ ಕಟ್ಟುವುದು ಉತ್ತಮ.

ಹುಳಿಯ ಅನ್ನಗಳಲ್ಲಿ ಮೊದಲ ಸ್ಥಾನ ಪುಳಿಯೋಗರೆಗೆ. ಹುಣಸೆಯ ಹುಳಿ, ಎಳ್ಳೆಣ್ಣೆ, ಬೆಲ್ಲ, ಒಣ ಕೊಬ್ಬರಿ ಇವೆಲ್ಲ ಬಾಳಿಕೆ ಬರುವ ಪದಾರ್ಥಗಳೇ. ಗೊಜ್ಜನ್ನು ವಾರದ ಮೊದಲೇ ಕಾಯಿಸಿ ಇಟ್ಟುಕೊಳ್ಳಬಹುದಾದ್ದರಿಂದ ನಸುಕಿನ ಕೆಲಸ ಕುಕ್ಕರಿನ ಕೂಗಿಗೆ ಮುಗಿಯುತ್ತದೆ. ಮಕ್ಕಳ ಪಾಲಿಗೆ ಗೊಜ್ಜು ಕಡಿಮೆ ಮಾಡಿ ಬೆಲ್ಲ ಜಾಸ್ತಿ ಮಾಡಿದರೆ ಖಾರದ ತಕರಾರೂ ತಗ್ಗುತ್ತದೆ, ಆದರೆ ಹುಳಿ ಕಡಿಮೆಯಾದಷ್ಟೂ ಬಾಳಿಕೆಯೂ ಕಡಿಮೆ ಎಂಬುದನ್ನು ನೆನಪಿಡಿ. ನಾಲ್ಕು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ ಬೇಡ. ಅದು ಶ್ವಾಸನಾಳಕ್ಕೆ ಹೋಗಿ ಸಿಕ್ಕಿಕೊಳ್ಳುವ ಅಪಾಯವಿದೆ. ಕುಟ್ಟಿ ಪುಡಿ ಮಾಡಿ ಸೇರಿಸಿ.

ಚಿತ್ರಾನ್ನ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಈರುಳ್ಳಿಯನ್ನೂ ಹಸಿ ಕಾಯಿತುರಿಯನ್ನೂ ಬಿಟ್ಟು, ಅನ್ನ ಆರಿದ ಮೇಲೆ ನಿಂಬೆರಸ ಹಿಂಡಿದರೆ ಬೆಳಗಿನ ಹನ್ನೊಂದರವರೆಗೆ ಧೈರ್ಯವಾಗಿ ಇಡಬಹುದು. ಬಿಸಿ ಅನ್ನಕ್ಕೆ ಹಿಂಡಿದರೆ ಕಹಿ ಬರುತ್ತದೆ. ಮಾವಿನಕಾಯಿ ಸಿಗುವ ಕಾಲದಲ್ಲಿ ಅದರ ಚಿತ್ರಾನ್ನ ನಿಂಬೆಯದಕ್ಕಿಂತ ರುಚಿ, ಬಾಳಿಕೆಯಲ್ಲಿ ಹೆಚ್ಚು ಕಡಿಮೆ ಒಂದೇ.

ಮೊಸರನ್ನ ಮಕ್ಕಳ ಪಾಲಿನ ಊಟ. ಬಿಸಿಲಿಗೆ ತಂಪು, ಖಾರವಿಲ್ಲ, ನುಂಗಲು ಸುಲಭ. ಇದರ ಗುಟ್ಟು ಹಾಲಿನಲ್ಲಿದೆ: ಮೆತ್ತಗೆ ಬೆಂದ ಅನ್ನವನ್ನು ಕಿವುಚಿ, ಕಾಯಿಸಿ ಆರಿಸಿದ ಹಾಲನ್ನು ಧಾರಾಳವಾಗಿ ಸೇರಿಸಿ, ಹೆಪ್ಪಿಗೆ ಬೇಕಾದಷ್ಟು ಮೊಸರನ್ನು ಮಾತ್ರ ಹಾಕಿ ಕಲಸಿದರೆ, ದಾರಿಯುದ್ದಕ್ಕೂ ಅದು ನಿಧಾನವಾಗಿ ಹುಳಿಯುತ್ತ ಊಟದ ಹೊತ್ತಿಗೆ ಹದವಾಗುತ್ತದೆ. ಮೊದಲೇ ಪೂರ್ತಿ ಮೊಸರಿನಲ್ಲಿ ಕಲಸಿದ್ದು ಹನ್ನೆರಡಕ್ಕೆ ಹಲ್ಲು ಚುಳುಗುಟ್ಟಿಸುತ್ತದೆ. ಸೌತೆಕಾಯಿ, ದಾಳಿಂಬೆ ಇತ್ಯಾದಿಗಳನ್ನು ತಿನ್ನುವಾಗ ಬೆರೆಸಿ. ಇದನ್ನು ತಿನ್ನಿಸಲು ಚಮಚ ಬೇಕು, ಕಾರು ನಿಲ್ಲಬೇಕು, ತಿಂದ ಮೇಲೆ ಕೈಬಾಯಿ ತೊಳೆಯಲು ನೀರು ಬೇಕು. ಇಷ್ಟಕ್ಕೆ ಸಿದ್ಧವಿಲ್ಲದವರು ಮೊಸರನ್ನದ ಆಸೆ ಬಿಡುವುದು ಲೇಸು.

ಸ್ಥಳದಲ್ಲೇ ಕಲಸುವ ಬುತ್ತಿ

ಗೊಜ್ಜವಲಕ್ಕಿಯ ಒಣ ಮಿಶ್ರಣವನ್ನು ಎಷ್ಟೋ ಜನ ಮರೆತೇಬಿಟ್ಟಿದ್ದಾರೆ. ದಪ್ಪ ಅವಲಕ್ಕಿಯನ್ನು ತರಿತರಿಯಾಗಿ ಪುಡಿಮಾಡಿ, ಸಾರಿನ ಪುಡಿ, ಉಪ್ಪು, ಬೆಲ್ಲದ ಪುಡಿ, ಒಣ ಕೊಬ್ಬರಿ, ಪೂರ್ತಿ ಆರಿದ ಒಗ್ಗರಣೆ ಇವಿಷ್ಟನ್ನು ಬೆರೆಸಿ ಡಬ್ಬಿಯಲ್ಲಿ ತುಂಬಿಕೊಳ್ಳಿ. ಗಟ್ಟಿ ಹುಣಸೆ ರಸವನ್ನು ಉಪ್ಪು ಹಾಕಿ ಕಾಯಿಸಿ ಸಣ್ಣ ಶೀಶೆಯಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ. ಹಸಿವಾದಾಗ ಫ್ಲಾಸ್ಕಿನ ಬಿಸಿನೀರಿಗೆ ಆ ರಸವನ್ನು ಬೆರೆಸಿ ಅವಲಕ್ಕಿಯ ಮೇಲೆ ಸುರಿದು ಕಾಲು ಗಂಟೆ ಮುಚ್ಚಿಟ್ಟರೆ ಆಗಷ್ಟೇ ಮಾಡಿದ ತಿಂಡಿ ಸಿದ್ಧ. ನೀರು ಬೀಳುವವರೆಗೆ ಅದು ಒಣ ಪದಾರ್ಥವಾದ್ದರಿಂದ ಕೆಡುವ ಗಡಿಯಾರ ಓಡಲು ತೊಡಗುವುದೇ ಇಲ್ಲ. ಪ್ರಯಾಣ ಎಷ್ಟು ಗಂಟೆಯದಾಗುತ್ತದೆಂದು ಹೇಳಲು ಬಾರದ ದಿನಗಳಿಗೆ, ಮಳೆಗಾಲದಲ್ಲಿ ಘಾಟಿ ರಸ್ತೆ ಕಟ್ಟಿಕೊಂಡು ಗಂಟೆಗಟ್ಟಲೆ ನಿಲ್ಲಬೇಕಾಗುವ ದಿನಗಳಿಗೆ, ಇದಕ್ಕಿಂತ ಭರವಸೆಯ ಬುತ್ತಿ ಇಲ್ಲ.

ರಾಗಿಯ ಹುರಿಹಿಟ್ಟೂ ಇದೇ ಜಾತಿಯದು. ರಾಗಿಯನ್ನು ಅರಳು ಹುರಿದು ಬೀಸಿದ ಹಿಟ್ಟಾದ್ದರಿಂದ ಮತ್ತೆ ಬೇಯಿಸಬೇಕಾಗಿಲ್ಲ. ಬಿಸಿನೀರಿಗೆ ಹಾಲಿನ ಪುಡಿ, ಬೆಲ್ಲ ಸೇರಿಸಿ ಕಲಸಿದರೆ ಎರಡು ವರ್ಷದ ಮಗುವಿನ ಹೊಟ್ಟೆ ತುಂಬುತ್ತದೆ. ಫ್ಲಾಸ್ಕಿನಲ್ಲಿ ಹಾಲನ್ನೇ ಒಯ್ಯುವುದಕ್ಕಿಂತ ಬಿಸಿನೀರನ್ನೂ ಹಾಲಿನ ಪುಡಿಯನ್ನೂ ಬೇರೆ ಬೇರೆಯಾಗಿ ಒಯ್ಯುವುದು ಕ್ಷೇಮ, ಏಕೆಂದರೆ ಹಾಲು ಬೆಚ್ಚಗಿನ ಹದಕ್ಕೆ ಇಳಿದೊಡನೆ ಅನ್ನದ್ದೇ ಕಥೆ. ಫ್ಲಾಸ್ಕಿಗೆ ಮೊದಲು ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ತುಂಬಿದರೆ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಸಿಹಿಗೆಂದು ಜೇನುತುಪ್ಪವನ್ನು ಮಾತ್ರ ಯಾವ ಕಾರಣಕ್ಕೂ ಕೊಡಬಾರದು. ಅದರಲ್ಲಿರಬಹುದಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಬೊಟುಲಿಸಂ ಎಂಬ ಗಂಭೀರ ಕಾಯಿಲೆಯನ್ನು ಉಂಟುಮಾಡಬಲ್ಲವು.

ಕೋಡುಬಳೆ, ಚಕ್ಕುಲಿ, ನಿಪ್ಪಟ್ಟುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವು ಊಟವಲ್ಲ, ಊಟದ ನಡುವಿನ ಗಲಾಟೆಗೆ ಮದ್ದು. ಘಾಟಿಗೆ ಮುಂಚೆ ಡಬ್ಬಿಯನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಇಡಿ. ಎಣ್ಣೆ ತಿಂಡಿ ತಿಂದು ತಿರುವು ಇಳಿದ ಮಗುವಿನ ಪಾಡನ್ನು ನಾನು ಶಿರಾಡಿಯಲ್ಲಿ ಎರಡು ಸಲ ಕಂಡಿದ್ದೇನೆ.

ಪಾತ್ರೆಗೆ ಎಷ್ಟು ಖರ್ಚು ಮಾಡಬೇಕು?

ಹೊಸದಾಗಿ ಕೊಳ್ಳುವುದಿದ್ದರೆ ಮೊದಲ ಹಣ ಒಳ್ಳೆಯ ಸ್ಟೀಲಿನ ಫ್ಲಾಸ್ಕಿಗೆ ಸಲ್ಲಬೇಕು. ಸ್ಥಳದಲ್ಲೇ ಕಲಸುವ ಬುತ್ತಿಗಳೆಲ್ಲ ಅದರ ಮೇಲೆ ನಿಂತಿವೆ, ಮತ್ತು ಹತ್ತಾರು ವರ್ಷ ಬಾಳುವ ವಸ್ತು ಅದು. ಎರಡನೆಯದಾಗಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಳು, ಒಂದು ದೊಡ್ಡದರ ಬದಲು ತಲೆಗೊಂದರಂತೆ ಚಿಕ್ಕವು. ಒಬ್ಬೊಬ್ಬರ ಪಾಲು ಬೇರೆ ಇದ್ದರೆ ಎಲ್ಲರ ಕೈ ಒಂದೇ ಡಬ್ಬಿಗೆ ಹೋಗುವುದಿಲ್ಲ, ಉಳಿದದ್ದೂ ಬೇಗ ಕೆಡುವುದಿಲ್ಲ. ಐಸ್ ಪ್ಯಾಕ್ ಇಡುವ ತಂಪು ಚೀಲ ಮೊಸರನ್ನ ಒಯ್ಯುವವರಿಗೂ ಎಳೆಯ ಮಕ್ಕಳಿರುವವರಿಗೂ ಬೇಕು, ಉಳಿದವರಿಗೆ ಅನಿವಾರ್ಯವಲ್ಲ.

ಏನನ್ನೂ ಕೊಳ್ಳಲು ಮನಸ್ಸಿಲ್ಲದವರಿಗೆ ಬಾಳೆಲೆ ಇದೆ. ಎಲೆಯನ್ನು ಉರಿಯ ಮೇಲೆ ಆಡಿಸಿ ಬಾಡಿಸಿಕೊಂಡರೆ ಹರಿಯದೆ ಮಡಚುತ್ತದೆ; ಪುಳಿಯೋಗರೆಯನ್ನು ಅದರಲ್ಲಿ ಕಟ್ಟಿ ಮೇಲೆ ಕಾಗದ ಸುತ್ತಿದರೆ ತಟ್ಟೆಯೂ ಅದೇ, ಡಬ್ಬಿಯೂ ಅದೇ, ತೊಳೆಯುವ ಕೆಲಸವೂ ಇಲ್ಲ. ಸುದ್ದಿಪತ್ರಿಕೆಯ ಕಾಗದ ಮಾತ್ರ ಆಹಾರಕ್ಕೆ ತಾಗದಿರಲಿ. ಅಲ್ಯೂಮಿನಿಯಂ ಹಾಳೆ ಚಪಾತಿಗೆ ಸರಿ, ಹುಳಿಯ ಅನ್ನಕ್ಕೆ ಸಲ್ಲದು. ಹುಳಿಗೂ ಉಪ್ಪಿಗೂ ಲೋಹ ಕರಗಿ ಆಹಾರಕ್ಕೆ ಸೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬುತ್ತಿಯ ಚೀಲವನ್ನು ಡಿಕ್ಕಿಯಲ್ಲಿ ಇಡಬೇಡಿ. ಬಹಳಷ್ಟು ಕಾರುಗಳಲ್ಲಿ ಎಸಿಯ ತಂಪು ಅಲ್ಲಿಗೆ ತಲುಪುವುದಿಲ್ಲ. ಹಿಂದಿನ ಸೀಟಿನ ಕಾಲ ಬಳಿ ಬಿಸಿಲು ಬೀಳದ ಜಾಗ ಸಾಕು. ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ದೇವಸ್ಥಾನವನ್ನೋ ಕೋಟೆಯನ್ನೋ ನೋಡಲು ಹೋಗುವುದಾದರೆ ಚೀಲವೂ ಜೊತೆಗೆ ಬರಲಿ.

ಯಾರಿಗೆ ಯಾವುದು?

ಕೂಸು ಅಥವಾ ಎರಡು ವರ್ಷದ ಒಳಗಿನ ಮಗು ಇರುವ ಮನೆಯವರು ಆ ಮಗುವಿಗಾಗಿ ಫ್ಲಾಸ್ಕು, ಹುರಿಹಿಟ್ಟು, ದಾರಿಯಲ್ಲೇ ಸುಲಿದು ಕೊಡಬಹುದಾದ ಬಾಳೆಹಣ್ಣು ಇವಿಷ್ಟನ್ನೇ ನೆಚ್ಚಬೇಕು. ದೊಡ್ಡವರ ಡಬ್ಬಿಯಿಂದ ತುತ್ತು ಕೊಡುವ ಮನಸ್ಸನ್ನು ತಡೆದುಕೊಳ್ಳಬೇಕು. ಐದರಿಂದ ಏಳರ ನಡುವಿನ ಮಕ್ಕಳಿದ್ದು ಕರಾವಳಿಯ ಕಡೆ ಹೊರಟವರಿಗೆ ನನ್ನ ಸಲಹೆ, ಘಾಟಿಗೆ ಒಂದೆರಡು ಗಂಟೆ ಮುಂಚೆ ಎರಡೇ ಎರಡು ಇಡ್ಲಿ, ಘಾಟಿ ಇಳಿದು ಉಪ್ಪಿನಂಗಡಿ ಸಮೀಪಿಸಿದಾಗ ಮೊಸರನ್ನ. ನಡುವೆ ನೀರು ಬಿಟ್ಟರೆ ಏನೂ ಬೇಡ. ಉತ್ತರ ಕರ್ನಾಟಕದ ಬಿಸಿಲಿಗೆ ಹೊರಟವರು ಬೆಳಿಗ್ಗೆ ಇಡ್ಲಿ ಮುಗಿಸಿ, ಮಧ್ಯಾಹ್ನಕ್ಕೆ ಪುಳಿಯೋಗರೆಯನ್ನೋ ರೊಟ್ಟಿಯನ್ನೋ ಇಟ್ಟುಕೊಳ್ಳಲಿ. ಪಲ್ಯದ ಆಸೆ ಇದ್ದರೆ ಅದನ್ನು ಚಳಿಗಾಲಕ್ಕೆ ಕಾಯ್ದಿಡಲಿ. ಇಬ್ಬರೂ ಕೆಲಸಕ್ಕೆ ಹೋಗುವವರಾಗಿ, ಹಿಂದಿನ ರಾತ್ರಿ ಹತ್ತಕ್ಕೆ ಮನೆ ತಲುಪಿ ಬೆಳಿಗ್ಗೆ ಐದಕ್ಕೆ ಹೊರಡಬೇಕಾದವರು ಒಲೆಯ ಗೊಡವೆಗೇ ಹೋಗದೆ ಗೊಜ್ಜವಲಕ್ಕಿಯ ಡಬ್ಬಿ, ರೊಟ್ಟಿಯ ಕಟ್ಟು, ಹಣ್ಣು ಇಷ್ಟನ್ನು ಚೀಲಕ್ಕೆ ಹಾಕಿಕೊಂಡು, ಒಂದು ಹೊತ್ತಿನ ಬಿಸಿ ಊಟಕ್ಕೆ ಹೋಟೆಲಿನಲ್ಲಿ ನಿಲ್ಲುವುದರಲ್ಲಿ ಯಾವ ಅಪರಾಧವೂ ಇಲ್ಲ.

ವಾಪಸು ಬರುವಾಗಿನ ಬುತ್ತಿಯ ಆಯ್ಕೆ ಸಾಮಾನ್ಯವಾಗಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬನ್ನು ನನ್ನ ಅಮ್ಮ ಕಟ್ಟಿಕೊಡುತ್ತಾಳೆ, ಎಲೆ ಬಿಚ್ಚುವವರೆಗೆ ಒಣಗುವುದಿಲ್ಲವೆಂಬ ಕಾರಣಕ್ಕೆ ಅದು ಇಡ್ಲಿಗಿಂತ ಮೇಲೆಂದು ನಾನೂ ಒಪ್ಪುತ್ತೇನೆ. ಜೊತೆಗೆ ಬರುವ ಹಸಿ ಕಾಯಿ ಚಟ್ನಿಯನ್ನು ಬೇಡವೆನ್ನಲು ಇನ್ನೂ ಧೈರ್ಯ ಬಂದಿಲ್ಲವಾದ್ದರಿಂದ, ಅದನ್ನು ಸಕಲೇಶಪುರ ತಲುಪುವ ಮೊದಲೇ ಮುಗಿಸುತ್ತೇವೆ.